ಒಂದೇ ಊಟ, ಹಲವು ರೋಗಿಗಳು: ಔಟ್‌ಬ್ರೇಕ್ ತನಿಖೆಯ ಲೆಕ್ಕಾಚಾರ

ಔಟ್‌ಬ್ರೇಕ್, ಅಂದರೆ ಒಮ್ಮೆಲೇ ಹಲವರಿಗೆ ತಗುಲಿದ ರೋಗದ ತನಿಖೆಗೆ ಹೊರಟಾಗ ಆಸ್ಪತ್ರೆ ವಾರ್ಡಿನ ಒಂದು ಅಭ್ಯಾಸವನ್ನು ವಾರ್ಡಿನಲ್ಲೇ ಬಿಟ್ಟು ಹೋಗಬೇಕು. ಕಾಯಿಲೆಯವರನ್ನು ಮಾತ್ರ ಮಾತನಾಡಿಸುವ ಅಭ್ಯಾಸ ಅದು. ಊಟ ಮಾಡಿ ಹಾಸಿಗೆ ಹಿಡಿದ 48 ಜನರಲ್ಲಿ 42 ಜನ ಒಂದೇ ತಿನಿಸು ತಿಂದಿದ್ದರು ಎಂದು ಗೊತ್ತಾದರೆ ಕಳ್ಳ ಸಿಕ್ಕಿಬಿದ್ದ ಎನಿಸುತ್ತದೆ. ಏನೂ ಆಗದೆ ಇರುವವರಲ್ಲೂ ಅಷ್ಟೇ ಪಾಲು ಜನ ಅದನ್ನೇ ತಿಂದಿದ್ದರೆ ಆ ತಿನಿಸಿನ ಮೇಲೆ ಹೊರಿಸಲು ಏನೂ ಉಳಿಯುವುದಿಲ್ಲ. ಸಾಕ್ಷ್ಯದ ಅರ್ಧ ಭಾಗ ಇರುವುದು ಕಾಯಿಲೆ ಬೀಳದವರ ಬಳಿ.

ಲೆಕ್ಕ ಕಲಿಯಲು ಒಂದು ಕಲ್ಪಿತ ಸಂದರ್ಭ ಇಟ್ಟುಕೊಳ್ಳೋಣ. ಮಧ್ಯಾಹ್ನ 1 ಗಂಟೆಗೆ 120 ಜನ ಒಟ್ಟಿಗೆ ಊಟ ಮಾಡಿದರು. ಮುಂದಿನ ಮೂರು ದಿನಗಳಲ್ಲಿ 48 ಜನರಿಗೆ ಭೇದಿ, ಹೊಟ್ಟೆನೋವು, ಜ್ವರ.

ಹೊರಡುವ ಮೊದಲು

ಇದು ನಿಜಕ್ಕೂ ಔಟ್‌ಬ್ರೇಕೇ ಎಂದು ಕೇಳಿಕೊಳ್ಳಿ. ಅದೇ ಜಾಗದಲ್ಲಿ, ಅದೇ ಕಾಲದಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಕೇಸುಗಳು ಹೆಚ್ಚಿರಬೇಕು. ಲ್ಯಾಬಿಗೆ ಹೊಸ ಪರೀಕ್ಷೆ ಬಂದರೆ, ವರದಿ ಮಾಡುವ ನಿಯಮ ಬದಲಾದರೆ, ಜನಸಂಖ್ಯೆಯೇ ಏರಿದರೆ ರೋಗ ಹೆಚ್ಚದೆಯೂ ಸಂಖ್ಯೆ ಜಿಗಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಈ ಅನುಮಾನಕ್ಕೆ ಎಡೆಯಿಲ್ಲ. ಆದರೆ ತಿಂಗಳುಗಟ್ಟಲೆ ನಿಧಾನವಾಗಿ ಏರುವ ಕಾಮಾಲೆಯ ಕೇಸುಗಳಲ್ಲಿ ಮೊದಲು ನೋಡಬೇಕಾದದ್ದೇ ಇದು.

ಮಲದ ಸ್ಯಾಂಪಲ್‌ಗಳನ್ನು ಮೊದಲ ದಿನವೇ, ಆಂಟಿಬಯೋಟಿಕ್ ಶುರುವಾಗುವ ಮುನ್ನ ತೆಗೆಯಿರಿ. ಲ್ಯಾಬ್ ತಲುಪುವುದು ತಡವಾಗುವಂತಿದ್ದರೆ ಸಾಗಣೆಯಲ್ಲಿ ರೋಗಾಣುಗಳನ್ನು ಜೀವಂತವಾಗಿಡುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಕಳುಹಿಸಿ. ಉಳಿದ ಆಹಾರ ಸಂಜೆಯೊಳಗೆ ಕಸಕ್ಕೆ ಹೋಗಿರುತ್ತದೆ, ಅದನ್ನೂ ಅಂದೇ ಸಂಗ್ರಹಿಸಿ ತಂಪಿನಲ್ಲಿಡಿ. ಪಟ್ಟಿ, ಪಟ್ಟಿಕೆ, ಗ್ರಾಫ್ ನಾಳೆಯೂ ಮಾಡಬಹುದು.

ಕೇಸ್ ಡೆಫಿನಿಷನ್

ಯಾರನ್ನು ಕೇಸು ಎಂದು ಎಣಿಸಬೇಕು ಎಂಬ ವ್ಯಾಖ್ಯೆ ಇದು. ಯಾರು, ಎಲ್ಲಿ, ಯಾವಾಗ, ಯಾವ ಲಕ್ಷಣ: ನಾಲ್ಕೂ ಇರಬೇಕು. "ಆ ದಿನದ ಊಟದಲ್ಲಿ ಭಾಗವಹಿಸಿ, ನಂತರದ 72 ಗಂಟೆಗಳಲ್ಲಿ 24 ಗಂಟೆಯ ಅವಧಿಯೊಳಗೆ ಮೂರು ಅಥವಾ ಹೆಚ್ಚು ಬಾರಿ ನೀರುಭೇದಿ ಆದವರು ಅಥವಾ ವಾಂತಿ ಮಾಡಿಕೊಂಡವರು." ಇಷ್ಟು ಸಾಕು. "ಹೊಟ್ಟೆ ಕೆಟ್ಟವರು" ಎಂದು ಬರೆದರೆ ಸಂದರ್ಶನ ಮಾಡುವ ನಾಲ್ವರು ನಾಲ್ಕು ಅಳತೆಗೋಲು ಹಿಡಿಯುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಪದೇ ಪದೇ ಮಾಡುವ ತಪ್ಪೆಂದರೆ ಅನುಮಾನವಿರುವ ತಿನಿಸನ್ನೇ ವ್ಯಾಖ್ಯೆಯೊಳಗೆ ಸೇರಿಸುವುದು. "ತಿನಿಸು 'ಅ' ತಿಂದು ಭೇದಿಯಾದವರು" ಎಂದು ಬರೆದರೆ ಕೇಸುಗಳೆಲ್ಲ 'ಅ' ತಿಂದವರೇ ಆಗಿರುತ್ತಾರೆ. ಸಾಬೀತು ಮಾಡಬೇಕಾದದ್ದನ್ನು ಮೊದಲೇ ಒಪ್ಪಿಕೊಂಡಂತಾಯಿತು, ಆಮೇಲಿನ ಲೆಕ್ಕಕ್ಕೆ ಅರ್ಥವಿಲ್ಲ.

ಇದಾದ ಮೇಲೆ ಲೈನ್ ಲಿಸ್ಟ್. ಒಬ್ಬರಿಗೆ ಒಂದು ಸಾಲು: ವಯಸ್ಸು, ಲಿಂಗ, ಲಕ್ಷಣಗಳು, ಶುರುವಾದ ದಿನ ಮತ್ತು ಗಂಟೆ, ಸ್ಯಾಂಪಲ್‌ನ ಫಲಿತಾಂಶ, ಪ್ರತಿ ತಿನಿಸಿಗೂ ಒಂದು ಕಾಲಂ. ಆಸ್ಪತ್ರೆಗೆ ಬಂದ ಗಂಟೆ ಬೇರೆ, ಲಕ್ಷಣ ಶುರುವಾದ ಗಂಟೆ ಬೇರೆ. ನಮಗೆ ಬೇಕಾದದ್ದು ಎರಡನೆಯದು. "ನೆನಪಿಲ್ಲ" ಎಂಬ ಉತ್ತರಕ್ಕೆ ಪ್ರತ್ಯೇಕ ಗುರುತು ಇರಲಿ. ಅದನ್ನು "ಇಲ್ಲ" ಎಂದು ತುಂಬಿದರೆ ತಿಂದವರೂ ತಿನ್ನದವರ ಗುಂಪಿಗೆ ಜಾರಿ ವ್ಯತ್ಯಾಸವೇ ಮಸುಕಾಗುತ್ತದೆ. ಮತ್ತೆ ಹೇಳಬೇಕು: 48 ಸಾಲುಗಳಲ್ಲ, 120 ಸಾಲುಗಳು.

ಗಡಿಯಾರ ಹೇಳುವುದು

ಅಡ್ಡಗೆರೆಯಲ್ಲಿ ಲಕ್ಷಣ ಶುರುವಾದ ಸಮಯ, ಲಂಬಗೆರೆಯಲ್ಲಿ ಕೇಸುಗಳ ಸಂಖ್ಯೆ ಇಟ್ಟು ಹಿಸ್ಟೋಗ್ರಾಂ ಬಿಡಿಸಿ. ಇದೇ ಎಪಿಡೆಮಿಕ್ ಕರ್ವ್. ಕಂಬಗಳ ನಡುವೆ ಸಂದು ಬಿಡಬಾರದು. ಕಂಬದ ಅಗಲ ಇನ್‌ಕ್ಯುಬೇಶನ್ ಅವಧಿಯ (ರೋಗ ತಗುಲಿದಾಗಿನಿಂದ ಲಕ್ಷಣ ಶುರುವಾಗುವವರೆಗಿನ ಕಾಲ) ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿರಲಿ. 18 ಗಂಟೆಯ ಇನ್‌ಕ್ಯುಬೇಶನ್‌ಗೆ 24 ಗಂಟೆಯ ಕಂಬ ಹಾಕಿದರೆ ಎಲ್ಲ ಕೇಸುಗಳೂ ಎರಡು ಮೂರು ಕಂಬಗಳಲ್ಲಿ ಅಡಗಿ ಆಕಾರವೇ ಕಾಣುವುದಿಲ್ಲ. 4ರಿಂದ 6 ಗಂಟೆ ಸರಿ.

ಒಂದೇ ಬಾರಿ ಒಂದೇ ಮೂಲದಿಂದ ಎಲ್ಲರಿಗೂ ತಗುಲಿದ್ದರೆ ಕರ್ವ್ ಸರ್ರನೆ ಏರಿ ನಿಧಾನವಾಗಿ ಇಳಿಯುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಹರಡುತ್ತಿದ್ದರೆ ಅಲೆಯ ಹಿಂದೆ ಅಲೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ಕೇಸು ರಾತ್ರಿ 9ಕ್ಕೆ, ಅಂದರೆ 8 ಗಂಟೆಗಳ ನಂತರ. 48 ಅವಧಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ 24ನೆಯ ಮತ್ತು 25ನೆಯ ಅಂಕೆಗಳ ನಡುವಿನ ಬೆಲೆ ತೆಗೆದರೆ 18 ಗಂಟೆ ಬಂತು ಎಂದುಕೊಳ್ಳಿ. ಸರಾಸರಿಯ ಬದಲು ಈ ನಡುವಿನ ಬೆಲೆ, ಅಂದರೆ ಮೀಡಿಯನ್ ಏಕೆಂದರೆ, 70ನೇ ಗಂಟೆಗೆ ಬಿದ್ದ ಒಂದಿಬ್ಬರು ಸರಾಸರಿಯನ್ನು ಎಳೆದುಬಿಡುತ್ತಾರೆ.

ಈ 18 ಗಂಟೆಯೇ ಅರ್ಧ ರೋಗನಿರ್ಣಯ. ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ವಿಷ ಆಹಾರದಲ್ಲೇ ತಯಾರಾಗಿ ಕೂತಿರುವುದರಿಂದ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಕೈಚಳಕ ತೋರಿಸುತ್ತದೆ. ವಾಂತಿ ಜೋರು, ಜ್ವರ ಅಪರೂಪ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ 6ರಿಂದ 24 ಗಂಟೆ ತೆಗೆದುಕೊಂಡು ಹೊಟ್ಟೆ ಹಿಂಡುತ್ತದೆ, ಭೇದಿ ತರುತ್ತದೆ. ಜ್ವರ, ವಾಂತಿ ಕಡಿಮೆ. ನೊರೊವೈರಸ್‌ಗೆ 12ರಿಂದ 48 ಗಂಟೆ, ವಾಂತಿ ಹೆಚ್ಚು. ಸಾಲ್ಮೊನೆಲ್ಲಾ 6ರಿಂದ 72 ಗಂಟೆಯೊಳಗೆ, ಬಹಳ ಮಟ್ಟಿಗೆ 12ರಿಂದ 36ರ ನಡುವೆ, ಜ್ವರ ಸಮೇತ ಬರುತ್ತದೆ. ಜ್ವರ, ಭೇದಿ, 18 ಗಂಟೆ ಮೂರನ್ನೂ ಜೋಡಿಸಿದರೆ ಲ್ಯಾಬಿಗೆ ಮೊದಲು ಸಾಲ್ಮೊನೆಲ್ಲಾ ಹುಡುಕಲು ಹೇಳಬಹುದು.

ಎರಡು ಸಾಲು, ಎರಡು ಕಾಲಂ

ಪ್ರತಿ ತಿನಿಸಿಗೂ ತಿಂದವರ ಅಟ್ಯಾಕ್ ರೇಟ್ (ಅವರಲ್ಲಿ ಕಾಯಿಲೆ ಬಿದ್ದವರ ಶೇಕಡಾ ಪಾಲು), ತಿನ್ನದವರ ಅಟ್ಯಾಕ್ ರೇಟ್ ಪಕ್ಕಪಕ್ಕದಲ್ಲಿ ಬರೆಯಿರಿ.

'ಅ' ತಿಂದವರು 60, ಕಾಯಿಲೆ 42: ಶೇ. 70
'ಅ' ತಿನ್ನದವರು 60, ಕಾಯಿಲೆ 6: ಶೇ. 10
ರಿಲೇಟಿವ್ ರಿಸ್ಕ್ (ಮೊದಲ ರೇಟನ್ನು ಎರಡನೆಯದರಿಂದ ಭಾಗಿಸಿದ್ದು): 7

'ಬ' ತಿಂದವರು 80, ಕಾಯಿಲೆ 38: ಶೇ. 47.5
'ಬ' ತಿನ್ನದವರು 40, ಕಾಯಿಲೆ 10: ಶೇ. 25
ರಿಲೇಟಿವ್ ರಿಸ್ಕ್: 1.9

ಎರಡೂ ತಪ್ಪಿತಸ್ಥರಂತೆ ಕಾಣುತ್ತಿವೆ. 'ಬ'ಯ ಶೇ. 95 ಕಾನ್ಫಿಡೆನ್ಸ್ ಇಂಟರ್‌ವಲ್ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಸುಮಾರು 1.06ರಿಂದ 3.4. ಅದು 1ನ್ನು, ಅಂದರೆ ವ್ಯತ್ಯಾಸವೇ ಇಲ್ಲದ ಬೆಲೆಯನ್ನು, ಮುಟ್ಟುವುದಿಲ್ಲ. ಸಾಫ್ಟ್‌ವೇರ್ ನಂಬಿ ಇಲ್ಲಿಗೇ ನಿಲ್ಲಿಸುವವರು 'ಬ'ಯನ್ನೂ ಆರೋಪಿ ಎಂದು ವರದಿ ಬರೆಯುತ್ತಾರೆ. ಅದು ತಪ್ಪು.

'ಅ' ತಿಂದ 60 ಜನರನ್ನು ಮಾತ್ರ ಬೇರೆ ಕೂರಿಸಿ ನೋಡಿ. ಅವರಲ್ಲಿ 'ಬ' ತಿಂದವರು 50, ಕಾಯಿಲೆ 35. ತಿನ್ನದವರು 10, ಕಾಯಿಲೆ 7. ಎರಡು ಕಡೆಯೂ ಶೇ. 70. ಇನ್ನು 'ಅ' ಮುಟ್ಟದ 60 ಜನ: 'ಬ' ತಿಂದ 30ರಲ್ಲಿ 3, ತಿನ್ನದ 30ರಲ್ಲೂ 3. ಎರಡು ಕಡೆಯೂ ಶೇ. 10. ಎರಡು ಗುಂಪಿನಲ್ಲೂ 'ಬ'ಯ ರಿಲೇಟಿವ್ ರಿಸ್ಕ್ 1ಕ್ಕೆ ಬಂದು ನಿಂತಿತು. 'ಅ' ತಿಂದವರಲ್ಲಿ ಬಹಳಷ್ಟು ಜನ 'ಬ'ಯನ್ನೂ ಬಡಿಸಿಕೊಂಡಿದ್ದರು, ಆ ಸಹವಾಸದಿಂದ ಅದಕ್ಕೆ ಕೆಟ್ಟ ಹೆಸರು ಬಂದಿತ್ತು. ಕನ್‌ಫೌಂಡಿಂಗ್ ಎಂದರೆ ಇದೇ. ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ತೂಗುವ ಪಿ-ಮೌಲ್ಯ ಇದನ್ನು ಹಿಡಿಯುವುದಿಲ್ಲ, ಗುಂಪು ಒಡೆದು ನೋಡಿದರೆ ಮಾತ್ರ ಸಿಗುತ್ತದೆ.

ಊಟಕ್ಕೆ ಬಂದವರ ಪೂರ್ತಿ ಪಟ್ಟಿ ಸಿಗದಿದ್ದರೆ ಅಟ್ಯಾಕ್ ರೇಟ್ ಬರುವುದಿಲ್ಲ. ಕೇಸ್-ಕಂಟ್ರೋಲ್ (ಕಾಯಿಲೆಯವರನ್ನು ಕಾಯಿಲೆಯಿಲ್ಲದ ಕೆಲವರೊಂದಿಗೆ ಹೋಲಿಸುವ ಅಧ್ಯಯನ) ಮಾಡಿ ಆಡ್ಸ್ ರೇಶಿಯೋ ತೆಗೆಯಬೇಕು. ತಿಂದವರಲ್ಲಿ ಕಾಯಿಲೆಯವರಿಗೂ ಗಟ್ಟಿಯಾಗಿರುವವರಿಗೂ ಇರುವ ಅನುಪಾತವನ್ನು ತಿನ್ನದವರ ಅದೇ ಅನುಪಾತದಿಂದ ಭಾಗಿಸಿದ್ದು ಅದು. ಇದೇ 'ಅ'ಗೆ ಅದನ್ನು ತೆಗೆದರೆ 42×54 ಭಾಗಿಸು 18×6, ಅಂದರೆ 21. ರಿಲೇಟಿವ್ ರಿಸ್ಕ್ 7 ಇದ್ದದ್ದು 21 ಆಯಿತು. ಹತ್ತರಲ್ಲಿ ನಾಲ್ವರಿಗೆ ಕಾಯಿಲೆ ಬಂದಿರುವಾಗ ಆಡ್ಸ್ ರೇಶಿಯೋ ಹೀಗೆ ಉಬ್ಬುತ್ತದೆ. ರೋಗ ಅಪರೂಪವಾಗಿದ್ದಾಗಷ್ಟೇ ಎರಡೂ ಹತ್ತಿರ ಬರುತ್ತವೆ. ಆದ್ದರಿಂದ 21 ಬಂದಾಗ "21 ಪಟ್ಟು ಅಪಾಯ" ಎಂದು ಬರೆಯಬೇಡಿ.

ಲೆಕ್ಕಕ್ಕೆ ಹೊಂದದವರು

'ಅ' ತಿನ್ನದೆಯೂ ಕಾಯಿಲೆ ಬಿದ್ದ 6 ಜನರನ್ನು, ತಿಂದೂ ಗಟ್ಟಿಯಾಗಿರುವ 18 ಜನರನ್ನು ಮತ್ತೊಮ್ಮೆ ಭೇಟಿಯಾಗಿ. ಆರು ಜನರ ಬಗ್ಗೆ: ಒಂದೇ ಸೌಟಿನಿಂದ ಬೇರೆ ತಿನಿಸನ್ನೂ ಬಡಿಸಲಾಯಿತೇ? ಪಕ್ಕದವರ ತಟ್ಟೆಯಿಂದ ಒಂದು ತುತ್ತು ತಿಂದು ಮರೆತರೇ? ಮನೆಯ ರೋಗಿಯಿಂದ ತಗುಲಿತೇ? ಹದಿನೆಂಟು ಜನರ ಬಗ್ಗೆ: ಮೊದಲ ಪಂಕ್ತಿಯಲ್ಲಿ, ತಿನಿಸು ಬಿಸಿಯಿದ್ದಾಗಲೇ ತಿಂದರೇ? ಹಾಗಿದ್ದರೆ ತನಿಖೆ ಅಡುಗೆಯಿಂದ ಬಡಿಸುವವರೆಗಿನ ಸಮಯ ಮತ್ತು ಉಷ್ಣತೆಯತ್ತ ತಿರುಗುತ್ತದೆ.

1854ರಲ್ಲಿ ಲಂಡನ್ನಿನ ಸೊಹೊ ಪ್ರದೇಶದಲ್ಲಿ ಕಾಲರಾ ಬಡಿದಾಗ ಅದು ನೀರಿನಿಂದ ಹರಡುತ್ತದೆ ಎಂದು ವಾದಿಸಿದ ವೈದ್ಯ ಜಾನ್ ಸ್ನೋ ಗೆದ್ದದ್ದೂ ಇಂಥವರಿಂದಲೇ. ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತಲಿನ ಸಾವುಗಳ ನಕ್ಷೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಹರಿತವಾದ ಸಾಕ್ಷ್ಯ ಬೇರೆ ಇತ್ತು. ಪಂಪಿನ ಹತ್ತಿರದ ಬ್ರೂವರಿಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಬಿಯರ್ ಸಿಗುತ್ತಿತ್ತು, ಒಳಗೆ ಸ್ವಂತ ಬಾವಿ ಇತ್ತು. ಅತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತಳು. ರುಚಿಯ ಆಸೆಗೆ ಆಕೆ ಅದೇ ಪಂಪಿನ ನೀರನ್ನು ತರಿಸಿಕೊಳ್ಳುತ್ತಿದ್ದಳು.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಯುವ ಹೊತ್ತಿಗೆ ಸಾವುಗಳು ಆಗಲೇ ಇಳಿಯುತ್ತಿದ್ದವು. ಆದ್ದರಿಂದ ನಿಯಂತ್ರಣ ಕ್ರಮವನ್ನು ವಿಶ್ಲೇಷಣೆ ಮುಗಿಯುವವರೆಗೆ ತಡೆಹಿಡಿಯಬೇಡಿ. ಉಳಿದ ಆಹಾರ ಬಡಿಸದಂತೆ ನಿಲ್ಲಿಸುವುದಕ್ಕೆ, ಭೇದಿಯಿರುವವರನ್ನು ಅಡುಗೆಮನೆಯಿಂದ ದೂರವಿಡುವುದಕ್ಕೆ ಯಾವ ಪಟ್ಟಿಕೆಯೂ ಬೇಕಿಲ್ಲ. ಮುಗಿಯಿತು ಎಂದು ಘೋಷಿಸುವುದಕ್ಕೆ ಮಾತ್ರ ಆತುರ ಬೇಡ. ರೂಢಿಯಲ್ಲಿರುವ ಅಳತೆಯೆಂದರೆ ಹೊಸ ಕೇಸಿಲ್ಲದೆ ಗರಿಷ್ಠ ಇನ್‌ಕ್ಯುಬೇಶನ್ ಅವಧಿಯ ಎರಡು ಪಟ್ಟು ಕಾಲ ಕಳೆಯಬೇಕು. ಎಬೋಲಾಕ್ಕೆ 21 ದಿನದ ಎರಡು ಪಟ್ಟು, 42 ದಿನ ಕಾಯುವುದು ಇದೇ ಲೆಕ್ಕದಿಂದ. ನಮ್ಮ ಊಟದ ಕೇಸುಗಳಿಗೆ 6 ದಿನ ಸಾಕು.