ತಳದಲ್ಲಿ ಕಂಡ ಬಿಳುಪು

ಮೆದುಳಿನ ಗಡ್ಡೆಯೆಲ್ಲ ತೆಗೆದಾಯ್ತು ಅಂದುಕೊಂಡು ಕೊನೆಯ ಸಲ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟೆ. ಕುಳಿಯ ತಳದಲ್ಲಿ ದಪ್ಪನೆಯ ಬಿಳಿ ಪಟ್ಟಿ ಕಂಡಿತು. "ಇನ್ನೂ ಉಳಿದಿದೆ ಸರ್" ಎಂದರು ಪಕ್ಕದಲ್ಲಿದ್ದ ಜೂನಿಯರ್. ನನಗೂ ಹಾಗೇ ಅನ್ನಿಸಿತು. ಅಲ್ಲಿಂದ ಇನ್ನೊಂದು ಚೂರು ತೆಗೆದು ಪೆಥಾಲಜಿಗೆ ಕಳಿಸಿದೆ. ಗಡ್ಡೆಯ ಕಣವೇ ಇಲ್ಲ, ಬರೀ ಊದಿಕೊಂಡ ಮೆದುಳು ಎಂದು ಉತ್ತರ ಬಂತು. ಅದು ಮಾತಿಗೋ ಕೈಕಾಲಿನ ಚಲನೆಗೋ ಸಂಬಂಧಪಟ್ಟ ಜಾಗ ಆಗಿರಲಿಲ್ಲ, ಬಚಾವ್ ಆದೆ. ಅಂದಿನಿಂದ ಸ್ಕ್ರೀನಿನ ಮೇಲೆ ಬಿಳಿ ಕಂಡರೆ ಮೊದಲು ಅನುಮಾನ ಪಡುತ್ತೇನೆ.

ಹಾಗಾದರೆ ಈ ಅಲ್ಟ್ರಾಸೌಂಡ್ ಯಾಕೆ ಬೇಕು? ಆಪರೇಷನ್ನಿಗೆ ಮುಂಚೆ ತೆಗೆದ ಎಂಆರ್‌ಐ ಇರುತ್ತದೆ. ಅದನ್ನು ಆಧರಿಸಿ ದಾರಿ ತೋರಿಸುವ ನ್ಯಾವಿಗೇಶನ್ ಕೂಡ ಇರುತ್ತದೆ. ಆದರೆ ಮೆದುಳು ಸುಮ್ನೆ ಇದ್ದಲ್ಲೇ ಇರುವುದಿಲ್ಲ. ಅದರ ಹೊದಿಕೆಯಾದ ಡ್ಯೂರಾ ಬಿಚ್ಚಿ, ಸುತ್ತಲಿನ ದ್ರವ ಹರಿದುಹೋದರೆ ಮೆದುಳು ಕುಸಿಯುತ್ತದೆ. ಗಡ್ಡೆ ಅರ್ಧ ತೆಗೆದ ಮೇಲೆ ಇನ್ನಷ್ಟು ಸರಿಯುತ್ತದೆ. ಒಂದು ಸೆಂಟಿಮೀಟರ್‌ವರೆಗೂ ಜರುಗಬಹುದು, ಕೆಲವೊಮ್ಮೆ ಇನ್ನೂ ಜಾಸ್ತಿ. ನ್ಯಾವಿಗೇಶನ್ ಮಾತ್ರ ಬೆಳಗಿನ ಚಿತ್ರವನ್ನೇ ತೋರಿಸುತ್ತಿರುತ್ತದೆ. ಅಲ್ಟ್ರಾಸೌಂಡ್ ತೋರಿಸುವುದು ಈ ಕ್ಷಣದ್ದು.

ಬುರುಡೆ ಮುಚ್ಚಿರುವಾಗ ಮಾತ್ರ ಇದರ ಆಟ ನಡೆಯುವುದಿಲ್ಲ. ಮೂಳೆ ಶಬ್ದದ ಅಲೆಯನ್ನು ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ನೆತ್ತಿ ಇನ್ನೂ ಕೂಡದ ಎಳೆಗೂಸುಗಳಲ್ಲಿ ಮಾತ್ರ ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಆಸ್ಟ್ರಿಯಾದ ಕಾರ್ಲ್ ಡೂಸಿಕ್ 1942ರಲ್ಲೇ ಬುರುಡೆಯ ಆಚೆಯಿಂದ ಈಚೆಗೆ ಅಲೆ ಹಾಯಿಸಿ, ಮೆದುಳಿನ ಒಳಗಿನ ದ್ರವದ ಕೋಣೆಗಳ ಚಿತ್ರ ಸಿಕ್ಕಿದೆ ಎಂದು ಪ್ರಕಟಿಸಿದ್ದರು. ಅದರಲ್ಲಿ ಬಹುಪಾಲು ಮೂಳೆಯದೇ ಅಚ್ಚು ಎಂದು ಆಮೇಲೆ ತಿಳಿಯಿತು. ನನ್ನ ಬಿಳಿ ಪಟ್ಟಿಯ ವಿಷಯದಲ್ಲಿ ನಾಚಿಕೆಯಾದಾಗ ಈ ಕಥೆ ನೆನಪಿಸಿಕೊಳ್ಳುತ್ತೇನೆ!

ನನ್ನ ಕೆಲಸ ರೋಗಿಯನ್ನು ಮಲಗಿಸುವಾಗಲೇ ಶುರು. ತೆರೆದ ಜಾಗ ಆದಷ್ಟು ಮೇಲ್ಮುಖವಾಗಿರಬೇಕು. ಇಲ್ಲದಿದ್ದರೆ ಕುಳಿಗೆ ಸುರಿದ ಸಲೈನ್ ನಿಲ್ಲುವುದಿಲ್ಲ, ಸಲೈನ್ ಇಲ್ಲದೆ ಅಲೆ ದಾಟುವುದಿಲ್ಲ. ಪ್ರೋಬಿಗೆ ಸ್ಟೆರೈಲ್ ಕವರ್ ಹಾಕುವಾಗ ಒಳಗಿನ ಜೆಲ್‌ನಲ್ಲಿ ಒಂದು ಗುಳ್ಳೆ ಉಳಿದರೂ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಗಡ್ಡೆ ಮೇಲೇ ಇದ್ದರೆ ಅಲೆಯ ಕಂಪನವನ್ನು 10 ಮೆಗಾಹರ್ಟ್ಸ್ ಆಸುಪಾಸು ಇಡುತ್ತೇನೆ, ಚಿತ್ರ ಸೂಕ್ಷ್ಮವಾಗಿರುತ್ತದೆ. ಆಳದಲ್ಲಿದ್ದರೆ 5ರ ಹತ್ತಿರ ಇಳಿಯಲೇಬೇಕು.

ಮೊದಲ ಸ್ಕ್ಯಾನ್ ಡ್ಯೂರಾ ಬಿಚ್ಚುವ ಮುಂಚೆಯೇ. ಇಲ್ಲಿ ಅವಸರ ಮಾಡಬಾರದು. ನಾನು ಗಡ್ಡೆಯನ್ನು ಹುಡುಕುವುದಿಲ್ಲ, ಮೊದಲು ಗುರುತಿನ ಜಾಗಗಳನ್ನು ಹುಡುಕುತ್ತೇನೆ. ಮೆದುಳಿನ ಎರಡು ಅರೆಗಳ ನಡುವಿನ ಪೊರೆ, ಅಂದರೆ ಫಾಲ್ಕ್ಸ್, ಬಿಳಿ ಗೆರೆ. ದ್ರವದ ಕೋಣೆ ಕಪ್ಪು, ಅದರೊಳಗೆ ಆ ದ್ರವವನ್ನು ಸ್ರವಿಸುವ ಕೋರಾಯ್ಡ್ ಪ್ಲೆಕ್ಸಸ್ ಬೆಳ್ಳಗೆ. ಇವು ಸಿಕ್ಕವೆಂದರೆ ಯಾವ ದಿಕ್ಕಿಗೆ ನೋಡುತ್ತಿದ್ದೇನೆ ಎಂಬುದು ಗೊತ್ತಾಯಿತು. ಆಮೇಲೆ ಗಡ್ಡೆ. ಮೆದುಳಿನಲ್ಲೇ ಹುಟ್ಟುವ ಗ್ಲಯೋಮಾ ಇರಲಿ, ದೇಹದ ಬೇರೆಡೆಯಿಂದ ಹರಡಿದ್ದಿರಲಿ, ಸಾಮಾನ್ಯವಾಗಿ ಸುತ್ತಲಿನ ಮೆದುಳಿಗಿಂತ ಬೆಳ್ಳಗೆ ಕಾಣುತ್ತವೆ. ನೀರಿನ ಚೀಲವಿದ್ದರೆ ಅದು ಕಪ್ಪು. ಬೇರೆಡೆಯಿಂದ ಬಂದ ಗಡ್ಡೆಗೆ ಅಂಚು ಚೊಕ್ಕವಾಗಿರುತ್ತದೆ. ಗ್ಲಯೋಮಾದ್ದು ಹಾಗಲ್ಲ. ಅದರ ಸುತ್ತಲಿನ ಊತವೂ ಸ್ವಲ್ಪ ಬೆಳ್ಳಗಿರುವುದರಿಂದ ಗಡ್ಡೆ ಎಲ್ಲಿ ಮುಗಿಯಿತು ಎಂದು ಹೇಳುವುದು ನಿಜಕ್ಕೂ ಕಷ್ಟ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ರಕ್ತನಾಳಗಳನ್ನೂ ನೋಡಿಕೊಂಡು, ಎರಡು ಅಡ್ಡ ದಿಕ್ಕುಗಳಲ್ಲಿ ಚಿತ್ರ ಉಳಿಸಿಡುತ್ತೇನೆ. ಮುಂದೆ ಅನುಮಾನ ಬಂದಾಗಲೆಲ್ಲ ಹೋಲಿಸುವುದು ಇದಕ್ಕೇ.

ಈಗ ಆ ಬಿಳಿ ಪಟ್ಟಿಗೆ ಬರೋಣ. ಮೆದುಳಿನಲ್ಲಿ ಆಳಕ್ಕೆ ಹೋದಂತೆ ಅಲೆ ಸೊರಗುತ್ತದೆ. ಅದಕ್ಕೇ ಯಂತ್ರ ಆಳದಿಂದ ಮರಳಿ ಬಂದ ಸದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಆದರೆ ಕುಳಿಯ ತುಂಬ ಇರುವುದು ಸಲೈನ್. ಅದರಲ್ಲಿ ಅಲೆ ಹೆಚ್ಚುಕಡಿಮೆ ಸೊರಗುವುದೇ ಇಲ್ಲ. ಯಂತ್ರಕ್ಕೆ ಅದೆಲ್ಲಿ ಗೊತ್ತು? ಅಲ್ಲೂ ಹಿಗ್ಗಿಸುತ್ತದೆ. ತಳದ ಒಳ್ಳೆಯ ಮೆದುಳು ಗಡ್ಡೆಯ ಹಾಗೆ ಹೊಳೆಯುತ್ತದೆ. ಕುಳಿ ಆಳವಾದಷ್ಟೂ ಹೊಳಪು ಜಾಸ್ತಿ. ಸಾಲದ್ದಕ್ಕೆ ರಕ್ತದ ಹೆಪ್ಪು, ರಕ್ತ ನಿಲ್ಲಿಸಲು ಇಟ್ಟ ಸರ್ಜಿಸೆಲ್, ಗಾಳಿಗುಳ್ಳೆ, ಎಲ್ಲವೂ ಬಿಳಿಯೇ.

ಹಾಗಾಗಿ ಕೊನೆಗೊಮ್ಮೆ ನೋಡಿದರಾಯ್ತು ಎನ್ನುವುದನ್ನು ಬಿಟ್ಟೆ. ಮಧ್ಯೆ ಮಧ್ಯೆ ನಿಲ್ಲಿಸಿ ನೋಡುತ್ತೇನೆ, ಆಗ ಬದಲಾವಣೆ ಕಣ್ಣೆದುರೇ ಆಗುತ್ತದೆ. ನೋಡುವ ಮುಂಚೆ ರಕ್ತ ತೊಳೆದು, ಸರ್ಜಿಸೆಲ್ ತೆಗೆದು, ಹೊಸ ಸಲೈನನ್ನು ನಿಧಾನವಾಗಿ ತುಂಬಿಸುತ್ತೇನೆ. ಬಿಳಿ ಕಂಡರೆ ಪ್ರೋಬನ್ನು ಪಕ್ಕಕ್ಕೆ ಸರಿಸಿ, ನೀರಿನ ಮೂಲಕವಲ್ಲ, ಪಕ್ಕದ ಮೆದುಳಿನ ಮೂಲಕ ಓರೆಯಾಗಿ ಅದೇ ಜಾಗ ನೋಡುತ್ತೇನೆ. ಬರೀ ಹೊಳಪಾಗಿದ್ದರೆ ಮಂಕಾಗುತ್ತದೆ. ಗಡ್ಡೆಯಾಗಿದ್ದರೆ ಉಬ್ಬಿದ ಮುದ್ದೆಯಾಗಿ ಅಲ್ಲೇ ಇರುತ್ತದೆ. ಅದರ ಪಕ್ಕ ಚಿಕ್ಕದೊಂದು ಹತ್ತಿಯ ತುಂಡು ಇಟ್ಟು ಮತ್ತೆ ನೋಡಿದರೆ, ಸ್ಕ್ರೀನಿನ ಜಾಗ ಮತ್ತು ಕೈಯ ಜಾಗ ಒಂದೇನಾ ಎಂಬುದೂ ತಿಳಿಯುತ್ತದೆ. ಮಾತಿನ ಜಾಗದ ಹತ್ತಿರವಿದ್ದು, ಇಷ್ಟಾದರೂ ಖಾತ್ರಿ ಆಗದಿದ್ದರೆ ಬಿಟ್ಟುಬಿಡುತ್ತೇನೆ.

ಆಪರೇಷನ್ ಆಗಿ ಮೂರು ದಿನದೊಳಗೆ ಎಂಆರ್‌ಐ ಮಾಡಿಸುತ್ತೇವೆ. ಅದನ್ನು ತೆರೆಯುವ ಮುಂಚೆ, "ಎಡ ಅಂಚು ಚೊಕ್ಕ, ತಳ ಅನುಮಾನ" ಅಂತ ಆಪರೇಷನ್ ಥಿಯೇಟರಿನಲ್ಲೇ ಬರೆದಿಟ್ಟ ಚೀಟಿಯನ್ನು ಪಕ್ಕಕ್ಕಿಟ್ಟುಕೊಳ್ಳುತ್ತೇನೆ. ಅಂಚುಗಳ ಬಗ್ಗೆ ಬರೆದದ್ದು ಈಗ ಬಹುತೇಕ ಸರಿ ಬರುತ್ತದೆ. ತಳದ್ದು ಇವತ್ತಿಗೂ ಆಗಾಗ ತಪ್ಪುತ್ತದೆ.