ಕಲ್ಲಿನ ರಥ ಸಿಲ್ಕ್ ಬೋರ್ಡಿಗೆ ಬಂದ ವಾರ

ನಮ್ಮ ಗುಂಪಿನ ಆಟ ಇಷ್ಟೇ. ಸೋಮವಾರ ರಾತ್ರಿ ಒಂದು ಫೋಟೊ ಬರುತ್ತದೆ. ಎಲ್ಲರಿಗೂ ಅದೇ ಫೋಟೊ. ಭಾನುವಾರ ರಾತ್ರಿ ಊಟದ ಹೊತ್ತಿಗೆ ಅದನ್ನು ಎಡಿಟ್ ಮಾಡಿ ಕಳಿಸಬೇಕು. ಬಣ್ಣ ತಿದ್ದಬಹುದು, ಕತ್ತರಿಸಬಹುದು, ಎತ್ತಿಕೊಂಡು ಹೋಗಿ ಇನ್ನೆಲ್ಲೋ ಕೂರಿಸಬಹುದು. ಆಮೇಲೆ ಒಬ್ಬೊಬ್ಬರಿಗೂ ಒಂದು ವೋಟು. ತಮಗೆ ತಾವೇ ಹಾಕಿಕೊಳ್ಳುವಂತಿಲ್ಲ. ಗೆದ್ದವರಿಗೆ ಬಹುಮಾನವೇನೂ ಇಲ್ಲ, ಮುಂದಿನ ವಾರದ ಫೋಟೊ ಹುಡುಕುವ ಕೆಲಸ ಅವರ ತಲೆಗೆ ಬೀಳುತ್ತದೆ. ಹಾಗಾಗಿ ಸೋತವರು ಯಾರೂ ಜಾಸ್ತಿ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾವ್ಯಾರೂ ಕಲಾವಿದರು ಅಂತ ಬೋರ್ಡು ಹಾಕಿಕೊಂಡವರಲ್ಲ. ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ದಾವಣಗೆರೆಯವರೊಬ್ಬರು ಮದುವೆ ಆಲ್ಬಂ ಡಿಸೈನ್ ಮಾಡುತ್ತಾರೆ, ಅವರು ನಮಗೆಲ್ಲ ಸ್ಟುಡಿಯೋ ಅಣ್ಣ. ಮೈಸೂರಿನ ಬ್ಯಾಂಕಿನಲ್ಲಿರುವ ಅಕ್ಕ ಒಬ್ಬರು. ನ್ಯೂಜೆರ್ಸಿಗೆ ಹೋಗಿ ನೆಲೆಸಿದ ಒಬ್ಬ ಗೆಳತಿ. ಹಾಸನದ ಡಿಗ್ರಿ ಹುಡುಗ ಒಬ್ಬ, ಅವನ ಹತ್ತಿರ ಇರುವುದು ಬರೀ ಫೋನು. ಇನ್ನೂ ಕೆಲವರು ಬರುತ್ತಾರೆ, ಹೋಗುತ್ತಾರೆ.

ಆಟ ರುಚಿ ಹತ್ತಿದ್ದು ಇನ್ನೊಂದು ನಿಯಮದಿಂದ. ಸಿದ್ಧವಾದ ಚಿತ್ರದ ಜೊತೆಗೆ ಲೇಯರ್ ಇರುವ ಫೈಲನ್ನೂ ಕೊಡಬೇಕು. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ, ಒಂದೊಂದರಲ್ಲಿ ಚಿತ್ರದ ಒಂದೊಂದು ಭಾಗ. ಫೋಟೊಶಾಪ್ ಆದರೆ ಪಿಎಸ್‌ಡಿ ಫೈಲ್, ಪುಕ್ಕಟೆ ಸಿಗುವ ಗಿಂಪ್ ಆದರೆ ಎಕ್ಸ್‌ಸಿಎಫ್ ಫೈಲ್. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಬಳಸುವವರು ತಾವು ಮಾಡಿದ ಎಡಿಟ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಹಾಕಿದರೆ ಸಾಕು. ಚೆನ್ನಾಗಿರುವ ಚಿತ್ರ ನೋಡಿ ‘ಸೂಪರ್’ ಅಂತ ಹಾಕಿ ಮುಂದೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ಆದರೆ ಅದೇ ಚಿತ್ರದ ಲೇಯರ್‌ಗಳನ್ನು, ಪಕ್ಕದ ಕಣ್ಣಿನ ಗುರುತು ಒತ್ತಿ, ಒಂದೊಂದಾಗಿ ಮುಚ್ಚಿ ತೆರೆದು ನೋಡಿದಾಗ ಅವರ ಕೈ ಎಲ್ಲಿ ನಿಂತಿತು, ಎಲ್ಲಿ ಓಡಿತು ಅನ್ನುವುದು ಗೊತ್ತಾಗುತ್ತದೆ. ಯೂಟ್ಯೂಬ್ ಪಾಠಗಳಲ್ಲಿ ನನಗೆ ಇದು ಸಿಕ್ಕಿರಲಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲವೂ ಮೊದಲ ಸಲಕ್ಕೇ ಬರುತ್ತದೆ!

ಕಳಿಸುವ ವಿಷಯದಲ್ಲಿ ಒಂದು ಮಾತು. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಬೇಕು. ಲೇಯರ್ ಫೈಲ್ ದೊಡ್ಡದಿರುತ್ತದೆ, ಅದಕ್ಕೆ ಡ್ರೈವ್ ಲಿಂಕೇ ಸರಿ.

ಫೋಟೊ ಎಲ್ಲಿಂದ ತರುತ್ತೇವೆ ಅನ್ನುವುದೂ ಮುಖ್ಯ. ಸ್ವಂತದ್ದಾದರೆ ಒಳ್ಳೆಯದು. ಇಲ್ಲದಿದ್ದರೆ ವಿಕಿಮೀಡಿಯ ಕಾಮನ್ಸ್, ಎಲ್ಲರೂ ಬಳಸಬಹುದಾದ ಫೋಟೊಗಳ ತಾಣ. ಅಲ್ಲಿ ಪ್ರತಿ ಫೋಟೊ ಕೆಳಗೂ ಲೈಸೆನ್ಸ್ ಬರೆದಿರುತ್ತದೆ. ಸಿಸಿ (ಕ್ರಿಯೇಟಿವ್ ಕಾಮನ್ಸ್) ಬಿವೈ ಅಂದರೆ ತೆಗೆದವರ ಹೆಸರು ಹಾಕಬೇಕು. ಬಿವೈ-ಎಸ್‌ಎ ಅಂದರೆ ಹೆಸರೂ ಹಾಕಬೇಕು, ನಾವು ತಿದ್ದಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. ಬೇರೆ ಕಡೆಯ ಫೋಟೊಗಳಲ್ಲಿ ಎನ್‌ಡಿ ಅಂತ ಕಂಡರೆ ಮುಟ್ಟುವುದೇ ಬೇಡ, ತಿದ್ದಿದ್ದನ್ನು ಹಂಚುವಂತಿಲ್ಲ. ಇನ್ನು ನಮ್ಮದೇ ಕಟ್ಟಳೆಗಳು: ಗುರುತು ಪರಿಚಯವಿಲ್ಲದವರ ಮುಖ ಬೇಡ, ರಾಜಕಾರಣಿಗಳು ಬೇಡ, ದೇವರ ಮೂರ್ತಿ ಮೇಲೆ ಕೈ ಆಡಿಸುವುದು ಬೇಡ. ಈ ಮೂರನ್ನು ಬಿಟ್ಟಿದ್ದಕ್ಕೇ ಗುಂಪು ಇನ್ನೂ ಒಡೆದಿಲ್ಲ ಅಂತ ನನ್ನ ಅಂದಾಜು.

ಆ ವಾರ ಫೋಟೊ ಆರಿಸುವ ಸರದಿ ಬ್ಯಾಂಕಿನ ಅಕ್ಕನದು. ಅವರು ಹಾಕಿದ್ದು ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಸುಡು ಬಿಸಿಲಿನ ಫೋಟೊ, ಕಡುನೀಲಿ ಆಕಾಶ. ನಿಜ ಹೇಳಬೇಕೆಂದರೆ ನೋಡಿ ನೋಡಿ ಸಾಕಾಗಿರುವ ಚಿತ್ರ. 2017ರಿಂದ 50 ರೂಪಾಯಿ ನೋಟಿನ ಹಿಂದೆಯೂ ಅದೇ ಇದೆ ಅಲ್ವಾ? ಅಷ್ಟು ಸವೆದ ಚಿತ್ರದಲ್ಲಿ ಹೊಸದೇನು ಮಾಡುವುದು ಅನ್ನುವುದೇ ಸವಾಲು.

ನನಗೆ ಹೊಳೆದದ್ದು ಸುಮ್ನೆ ತಮಾಷೆ. ರಥ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಹೇಗಿರುತ್ತದೆ? ಕಲ್ಲಾದ್ದರಿಂದ ಅಲುಗಾಡದೆ ನಿಂತಿದೆಯೋ, ಜಾಮ್ ಆಗಿ ನಿಂತಿದೆಯೋ ಅಂತ ಯಾರಿಗೂ ಗೊತ್ತಾಗಬಾರದು.

ಮೊದಲು ಹಿನ್ನೆಲೆ. ನನ್ನ ಫೋನಿನಲ್ಲಿ ಸಿಲ್ಕ್ ಬೋರ್ಡಿನ ಫೋಟೊಗಳಿಗೇನು ಬರ, ದಿನಾ ಅಲ್ಲೇ ನಿಲ್ಲುವುದು. ಮನಸ್ಸಿಗೆ ಹಿಡಿಸಿದ್ದು ಮಳೆ ಸಂಜೆಯದ್ದು: ಒದ್ದೆ ರಸ್ತೆ, ಕೆಂಪು ಬ್ರೇಕ್ ಲೈಟು. ಆದರೆ ರಥದ ಮೇಲೆ ಬಿದ್ದಿರುವುದು ನೆತ್ತಿ ಬಿಸಿಲು. ಸೂರಿನ ಅಂಚಿನ ಕೆಳಗೆ ಕತ್ತರಿಸಿದಂಥ ಕಪ್ಪು ನೆರಳು. ಅಂಥ ನೆರಳನ್ನು ಅಳಿಸಿ ಮೋಡದ ಬೆಳಕು ತರುವುದು ವಾರವಿಡೀ ಕೂತರೂ ಮುಗಿಯುವ ಕೆಲಸವಲ್ಲ. ಹಿನ್ನೆಲೆ ಬದಲಿಸುವುದು ಒಂದು ನಿಮಿಷದ ಕೆಲಸ. ಹಾಗಾಗಿ ಮಳೆ ಬಿಟ್ಟು ಮಧ್ಯಾಹ್ನದ ಜಾಮಿನ ಫೋಟೊ ತೆಗೆದುಕೊಂಡೆ. ಅದರಲ್ಲಿ ಬಸ್ಸಿನ ನೆರಳು ಎಡಕ್ಕೆ ಬಿದ್ದಿತ್ತು, ರಥದ್ದು ಬಲಕ್ಕೆ. ರಸ್ತೆಯ ಫೋಟೊ ತಿರುಗಿಸಿದರೆ ಬೋರ್ಡು, ನಂಬರ್ ಪ್ಲೇಟ್ ಎಲ್ಲ ಉಲ್ಟಾ ಆಗುತ್ತವೆ. ರಥವನ್ನೇ ಎಡಬಲ ತಿರುಗಿಸಿದೆ. ಅದರ ಎರಡು ಪಕ್ಕವೂ ಹೆಚ್ಚುಕಡಿಮೆ ಒಂದೇ, ಯಾರೂ ಕೇಳಲ್ಲ.

ಇನ್ನು ಅಳತೆ. ರಥವನ್ನು ಎಷ್ಟು ದೊಡ್ಡದು ಮಾಡಬೇಕು? ಸುಮ್ಮನೆ ಎಳೆದು ‘ಹಾಂ, ಇಷ್ಟಿರಲಿ’ ಅನ್ನುವವರೇ ಜಾಸ್ತಿ. ಇದಕ್ಕೊಂದು ಲೆಕ್ಕ ಇದೆ, ಸ್ಟುಡಿಯೋ ಅಣ್ಣನ ಹಳೆಯ ಫೈಲ್ ಒಂದನ್ನು ತೆರೆದಾಗ ಸಿಕ್ಕಿದ್ದು. ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿ ಒಂದು ಕೆಂಪು ಅಡ್ಡಗೆರೆ, ಅದರ ಹೆಸರು ‘ಕಣ್ಣು’. ನಿಂತುಕೊಂಡು ಫೋಟೊ ತೆಗೆದರೆ ಕ್ಯಾಮೆರಾ ನಮ್ಮ ಕಣ್ಣಿನ ಎತ್ತರದಲ್ಲಿರುತ್ತದೆ, ದಿಗಂತದ ಗೆರೆಯೂ ಅಲ್ಲೇ ಬರುತ್ತದೆ. ಸಮತಟ್ಟಾದ ನೆಲದ ಮೇಲೆ ನಿಂತಿರುವ ನಮ್ಮಷ್ಟೇ ಎತ್ತರದವರ ಕಣ್ಣು, ಅವರು ಹತ್ತಿರವಿರಲಿ ದೂರವಿರಲಿ, ಆ ಗೆರೆಯ ಮೇಲೇ ಇರುತ್ತದೆ. ಅಂದರೆ ಹಂಪಿಯ ಫೋಟೊದಲ್ಲಿ ಆ ಗೆರೆ ರಥವನ್ನು ಎಲ್ಲಿ ದಾಟುತ್ತದೆ ನೋಡಬೇಕು, ರಸ್ತೆಯ ಫೋಟೊದ ಗೆರೆಯ ಮೇಲೆ ಅದೇ ಜಾಗವನ್ನು ತಂದು ಕೂರಿಸಬೇಕು. ಚಕ್ರ ನೆಲಕ್ಕೆ ತಾಗುವ ಜಾಗ ಗೊತ್ತಾದರೆ ಗಾತ್ರ ತಾನಾಗಿಯೇ ಸಿಗುತ್ತದೆ. ಸ್ಕೈವಾಕ್ ಮೇಲಿಂದ ತೆಗೆದ ಫೋಟೊಗಳನ್ನು ನಾನು ಬಿಟ್ಟಿದ್ದೂ ಇದಕ್ಕೇ. ಅಲ್ಲಿ ಕಣ್ಣಿನ ಗೆರೆ ಬಸ್ಸುಗಳ ತಲೆಗಿಂತ ಮೇಲಿರುತ್ತದೆ, ರಥ ಎಷ್ಟು ಎಳೆದಾಡಿದರೂ ಹೊಂದುವುದಿಲ್ಲ.

ಕತ್ತರಿಸಲು ಗಿಂಪ್‌ನ ಪಾಥ್ಸ್ ಟೂಲ್, ಅಂಚಿನುದ್ದಕ್ಕೂ ಚುಕ್ಕಿ ಇಟ್ಟು ಗೆರೆ ಎಳೆಯುವಂಥದ್ದು. ಚಕ್ರದ ಗುಂಡು, ಸೂರಿನ ಮೊನೆ, ಮುಂದಿನ ಆನೆಗಳ ಸೊಂಡಿಲು, ಎಲ್ಲ ಪಾಯಿಂಟ್ ಪಾಯಿಂಟಾಗಿ. ಒಂದೇ ಕ್ಲಿಕ್ಕಿನಲ್ಲಿ ಆಕಾಶ ಹಾರಿಸುವ ಟೂಲ್‌ಗಳಿವೆ, ಆದರೆ ನೀಲಿ ಆಕಾಶ ಕಲ್ಲಿನ ಅಂಚಿಗೆ ನೀಲಿ ಬಳಿದಿರುತ್ತದೆ, ಅದು ಹಾಗೇ ಉಳಿದುಬಿಡುತ್ತದೆ. ನಾನು ಅಂಚಿನಿಂದ ಒಂದು ಪಿಕ್ಸೆಲ್ ಒಳಗೇ ಗೆರೆ ಎಳೆದೆ. ಎರೇಸರ್ ಮುಟ್ಟಲಿಲ್ಲ, ಎಲ್ಲ ಲೇಯರ್ ಮಾಸ್ಕ್, ಅಂದರೆ ಅಳಿಸದೆ ಮರೆಮಾಡುವುದು. ನಾಳೆ ಯಾರಾದರೂ ಫೈಲ್ ತೆರೆದು ಮಾಸ್ಕ್ ಆಫ್ ಮಾಡಿದರೆ ಪೂರ್ತಿ ಹಂಪಿ ಕಾಣಬೇಕು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಇದಕ್ಕೆ ಇನ್ನಷ್ಟು ಅನುಕೂಲ ಮಾಡಿದೆ. ಕರ್ವ್ಸ್ (ಬೆಳಕು-ಕತ್ತಲು ತಿದ್ದುವುದು), ಬ್ಲರ್ ಥರದ ಫಿಲ್ಟರ್‌ಗಳು ಲೇಯರ್‌ಗೆ ಅಂಟಿಕೊಂಡೇ ಇರುತ್ತವೆ, ಬೇರೆಯವರೂ ತೆರೆದು ನಂಬರ್ ನೋಡಬಹುದು, ಬದಲಿಸಬಹುದು.

ಒಂದು ತೊಡಕು ಚಕ್ರಗಳ ನಡುವೆ ಇತ್ತು. ನಿಜವಾದ ರಥ ಕಲ್ಲಿನ ಜಗಲಿಯ ಮೇಲೆ ಕೂತಿದೆ, ಚಕ್ರದ ಹಿಂದೆ ಖಾಲಿ ಜಾಗವೇ ಇಲ್ಲ. ಹಾಗೇ ಬಿಟ್ಟರೆ ಅದು ಗುಡಿಯಾಗುತ್ತದೆ, ಗಾಡಿಯಾಗುವುದಿಲ್ಲ. ಜಗಲಿಯ ಭಾಗವನ್ನು ಕರ್ವ್ಸ್‌ನಲ್ಲಿ ಗಾಢವಾಗಿಸಿ, ಲಾರಿಯ ಅಡಿಯಲ್ಲಿ ಕಾಣುವಂಥ ಕತ್ತಲು ಮಾಡಿದೆ. ಕೆತ್ತನೆ ಸ್ವಲ್ಪ ಮುಚ್ಚಿಹೋಯಿತು. ಹೋಗಲಿ.

ಗುರುವಾರ ಅರ್ಧ ಮುಗಿದ ಚಿತ್ರ ಗುಂಪಿಗೆ ಹಾಕಿದೆ. ಕೂಡಲೇ ಸ್ಟುಡಿಯೋ ಅಣ್ಣನ ವಾಯ್ಸ್ ಮೆಸೇಜ್: “ತಮ್ಮಾ, ತೇರು ಇನ್ನೂ ರೋಡಿಗೆ ಇಳ್ದಿಲ್ಲಪ್ಪ, ಗಾಳ್ಯಾಗ ಐತಿ. ಚಕ್ರದ ಬುಡಕ್ಕೆ ಮೊದ್ಲು ಒಂದು ಕರೇ ಗೆರೆ ಕೊಡು, ದೊಡ್ಡ ನೆಳ್ಳು ಆಮ್ಯಾಲೆ.”

ಅವರು ಹೇಳಿದ್ದು ಎರಡು ನೆರಳಿನ ಕಥೆ. ಚಕ್ರ ಟಾರಿಗೆ ತಾಗುವಲ್ಲಿ ತೆಳ್ಳಗೆ, ಗಾಢವಾಗಿ ಒಂದು. ಅದರಾಚೆ ರಸ್ತೆಯ ಮೇಲೆ ಚಾಚಿಕೊಂಡಿರುವ ದೊಡ್ಡದು ಇನ್ನೊಂದು, ದೂರ ಹೋದಂತೆ ಅಂಚು ಮೆತ್ತಗಾಗಬೇಕು. ಎರಡಕ್ಕೂ ಬೇರೆ ಬೇರೆ ಲೇಯರ್, ಮೋಡ್ ಮಲ್ಟಿಪ್ಲೈ, ಕೆಳಗಿನದನ್ನು ಗಾಢ ಮಾಡುವಂಥದ್ದು. ಬಣ್ಣ ಕಪ್ಪಲ್ಲ. ಹೊರಾಂಗಣದ ನೆರಳಿಗೆ ಆಕಾಶದ ನೀಲಿ ಸೇರಿರುತ್ತದೆ. ಪಕ್ಕದ ಆಟೋದ ನೆರಳಿನಿಂದಲೇ ಕಲರ್ ಪಿಕ್ಕರ್‌ನಲ್ಲಿ ಬಣ್ಣ ಎತ್ತಿಕೊಂಡೆ. ರಥದ ಮುಂದೊಂದು ಸ್ಕೂಟರ್ ನಿಲ್ಲಿಸಿದೆ, ಹಿಂದೆ ಬಸ್ಸು. ಏನಾದರೂ ಮುಂದೆ ಅಡ್ಡ ನಿಂತರೆ ಅದು ಅಲ್ಲೇ ಇದೆ ಅಂತ ಕಣ್ಣು ನಂಬಿಬಿಡುತ್ತದೆ. ಕೊನೆಗೆ ರಥದ ಮೇಲೆ ಸ್ವಲ್ಪ ನಾಯ್ಸ್, ಅಂದರೆ ತರಿ. ಹಂಪಿಯ ಫೋಟೊ ಒಳ್ಳೆ ಕ್ಯಾಮೆರಾದ್ದು, ನನ್ನದು ಫೋನಿನದು. ಒಂದು ನುಣುಪಾಗಿ ಇನ್ನೊಂದು ತರಿತರಿಯಾಗಿ ಇದ್ದರೆ ಅಂಟಿಸಿದ್ದು ಅಂತ ಗೊತ್ತಾಗುತ್ತದೆ.

ಹಿಂದುಗಡೆ ನಂಬರ್ ಪ್ಲೇಟ್ ಇಲ್ಲದೆ ಆಗುತ್ತದೆಯೇ? ಕೆಎ-35 ಹಾಕಿದೆ, ಹೊಸಪೇಟೆ ಆರ್‌ಟಿಒ ನಂಬರ್. ಅದರ ಮೇಲೆ ‘ಅಮ್ಮನ ಆಶೀರ್ವಾದ’.

ಇದೇ ಸಾಲನ್ನು ಗುಂಪಿನ ಇನ್ನೊಬ್ಬರು ತಮ್ಮ ಫೋಟೊಶಾಪಿನಲ್ಲಿ ಬರೆಯಲು ಹೋದರೆ ‘ಅಮ್‌ಮನ ಆಶೀರ್‌ವಾದ’ ಅಂತ ಬಂತಂತೆ. ಒತ್ತು ಕೆಳಗೆ ಇಳಿಯಲ್ಲ, ಅರ್ಕಾವತ್ತು ಬರಲ್ಲ. ಕನ್ನಡದಲ್ಲಿ ಪೋಸ್ಟರ್ ಮಾಡುವವರಿಗೆಲ್ಲ ಗೊತ್ತಿರುವ ಗೋಳು. ಹಳೆಯ ಫೋಟೊಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿದರೆ ಸರಿಹೋಗುತ್ತದೆ. ಫಾಂಟ್ ಯೂನಿಕೋಡ್ ಆಗಿರಬೇಕು. ಆಟೋ ಹಿಂದಿನ ಬರಹದ ದಪ್ಪ ದುಂಡು ಅಕ್ಷರಕ್ಕೆ ‘ಬಾಲೂ ತಮ್ಮ’ ಫಾಂಟ್ ಚೆನ್ನಾಗಿ ಒಗ್ಗುತ್ತದೆ.

ಭಾನುವಾರ ಎಲ್ಲರದ್ದೂ ಬಂತು. ನ್ಯೂಜೆರ್ಸಿಯ ಗೆಳತಿ ರಥವನ್ನು ನೋಟಿನ ಮೇಲಿರುವಂಥ ಸಣ್ಣ ಗೆರೆಗಳಲ್ಲಿ ಬಿಡಿಸಿದ್ದಳು. ಬರೀ ಗೆರೆಯ ಶೈಲಿ ಮಾತ್ರ. ನೋಟನ್ನು ಹೋಲುವ ಕಾಗದ ಮಾಡುವುದು ನಮ್ಮಲ್ಲಿ ಅಪರಾಧ, ಅದು ಅವಳಿಗೆ ಗೊತ್ತು. ಒಬ್ಬರು ಜನರೇಟಿವ್ ಫಿಲ್‌ನಲ್ಲಿ, ಅಂದರೆ ಬರೆದು ಕೇಳಿದ್ದನ್ನು ಎಐ ಬಿಡಿಸಿಕೊಡುವ ಟೂಲ್‌ನಲ್ಲಿ, ಯುದ್ಧಭೂಮಿಯನ್ನೇ ತಂದಿದ್ದರು. 2023ರಲ್ಲಿ ಅದು ಫೋಟೊಶಾಪಿಗೆ ಬಂದ ಮೇಲೆ ಗುಂಪಿನಲ್ಲಿ ಸಾಕಷ್ಟು ಜಗಳವಾಗಿತ್ತು. ಈಗಿನ ಒಪ್ಪಂದ: ಬಳಸಿದರೆ ಹೇಳಿಬಿಡಿ, ಅಷ್ಟೇ. ನನಗಂತೂ ಅದರಲ್ಲಿ ರುಚಿಯಿಲ್ಲ. ಫೈಲ್ ತೆರೆದರೆ ಒಂದು ಲೇಯರ್ ಇರುತ್ತದೆ, ಅದರಲ್ಲಿ ಎಲ್ಲ ಇರುತ್ತದೆ, ಆ ನೆರಳು ಅಲ್ಲೇ ಯಾಕೆ ಬಿತ್ತು ಅಂತ ಕೇಳಿದರೆ ಹೇಳುವವರಿಲ್ಲ.

ನನ್ನನ್ನು ನಿಲ್ಲಿಸಿದ್ದು ಬ್ಯಾಂಕಿನ ಅಕ್ಕನ ಕೆಲಸ. ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ 1856ರಲ್ಲಿ ಹಂಪಿಯ ಫೋಟೊಗಳನ್ನು ತೆಗೆದಿದ್ದ, ಕಾಗದದ ನೆಗೆಟಿವ್ ಬಳಸಿ. ಆಗ ಕಲ್ಲಿನ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ ಇತ್ತು. ಈಗ ನಾವು ನೋಡುವುದು ಬೋಳು ತಲೆಯ ರಥ. ಅಕ್ಕ ಆ ಗೋಪುರವನ್ನು ವಾಪಸ್ ಕೂರಿಸಿದ್ದರು. ಆಕಾರ ಹಳೆಯ ಫೋಟೊದಿಂದ. ಇಟ್ಟಿಗೆಯ ಮೈ ಅದೇ ದೇವಸ್ಥಾನದ ಹೆಬ್ಬಾಗಿಲ ಗೋಪುರದಿಂದ. ಬಣ್ಣ ಮಾತ್ರ ಊಹೆ, ಆ ಲೇಯರ್‌ಗೆ ‘ಊಹೆ’ ಅಂತಲೇ ಹೆಸರಿಟ್ಟಿದ್ದರು. ಆ ಲೇಯರ್ ಆಫ್ ಮಾಡಿದರೆ ಗೊತ್ತಿರುವುದು ಎಷ್ಟು, ಸೇರಿಸಿದ್ದು ಎಷ್ಟು ಅನ್ನುವುದು ಬೇರೆಯಾಗಿ ಕಾಣುತ್ತಿತ್ತು. ನನ್ನ ವೋಟು ಅದಕ್ಕೇ.

ಗೆದ್ದವನು ಮಾತ್ರ ಹಾಸನದ ಹುಡುಗ. ಅವನು ರಥವನ್ನೇ ಬಿಟ್ಟಿದ್ದ! ಒಂದು ಚಕ್ರವನ್ನಷ್ಟೇ ಕ್ರಾಪ್ ಮಾಡಿ, ಕಪ್ಪುಬಿಳುಪು ಮಾಡಿ, ಬಿಸಿಲು ಬಿದ್ದ ಅರ್ಧವನ್ನು ಉಳಿಸಿ ಉಳಿದದ್ದನ್ನು ಕತ್ತಲಿಗೆ ತಳ್ಳಿದ್ದ. ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದು ಮೂರೇ ಸಾಲು. ನನ್ನ ಫೈಲಿನ ಲೇಯರ್ ಪಟ್ಟಿ ಪರದೆಯಲ್ಲಿ ಹಿಡಿಸುತ್ತಿರಲಿಲ್ಲ.

ಅವನು ಆರಿಸಿದ ಮುಂದಿನ ಫೋಟೊ ಜೋಗದ್ದು, ಮಂಜು ತುಂಬಿದ್ದು. ಕತ್ತರಿಸಲು ಅಂಚೇ ಇಲ್ಲ. “ಸೇಡು ತೀರಿಸ್ಕಂಡ್ಯಲ್ಲೋ” ಅಂದರು ಸ್ಟುಡಿಯೋ ಅಣ್ಣ. ಮಂಜನ್ನು ಪಾಥ್ಸ್‌ನಲ್ಲಿ ಹಿಡಿಯಲಾಗದು. ಲೇಯರನ್ನು ಸ್ಕ್ರೀನ್ ಮೋಡ್‌ನಲ್ಲಿ ಇಟ್ಟರೆ ಕಪ್ಪು ಮಾಯವಾಗಿ ಬಿಳಿ ಮಾತ್ರ ಉಳಿಯುತ್ತದೆ. ಸದ್ಯಕ್ಕೆ ಅದನ್ನು ನಮ್ಮ ಆಫೀಸಿನ ಕಾರಿಡಾರ್ ಫೋಟೊ ಮೇಲೆ ಇಟ್ಟು ನೋಡುತ್ತಿದ್ದೇನೆ.