ಮೊದಲು ಪಾದ ಮುಟ್ಟಿ ನೋಡಿ: ಮಕ್ಕಳಿಗೆ ಎಸ್‌ಎಸ್‌ಇಪಿ ಮಾಡುವಾಗ

ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಮೈಯ ಚಲನೆ ಕುಂದುವ ಸ್ಥಿತಿ) ಇರುವ ಮಗು ಎಸ್‌ಎಸ್‌ಇಪಿಗೆ, ಅಂದರೆ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಅದರಿಂದ ಮೂಡುವ ಅಲೆಯನ್ನು ಯಂತ್ರದಲ್ಲಿ ನೋಡುವ ಪರೀಕ್ಷೆಗೆ, ಒಳಗೆ ಬಂದಾಗ ನಾನು ಯಂತ್ರದ ಕಡೆ ತಿರುಗುವ ಮೊದಲು ಅದರ ಪಾದ ಮುಟ್ಟಿ ನೋಡುತ್ತೇನೆ. ಮೈ ತಣ್ಣಗಿದ್ದರೆ ನರದ ಸಂಕೇತ ನಿಧಾನವಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿಯ ಕಾಲಿನ ಅಲೆ ತಡವಾಗಿದೆಯೆಂದು ಬರೆದುಬಿಟ್ಟಿದ್ದೆ. ಕಂಬಳಿ ಹೊದಿಸಿ ಮತ್ತೆ ತೆಗೆದಾಗ ಆ ತಡದಲ್ಲಿ ಬಹುಪಾಲು ಮಾಯವಾಗಿತ್ತು.

ಸ್ಪರ್ಶದ ಸುದ್ದಿ ಕೈಕಾಲಿನಿಂದ ಮೆದುಳಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದೇ ಈ ಪರೀಕ್ಷೆ. ತಲೆಗೆ ಎಣ್ಣೆ ಹಚ್ಚದೆ ಕರೆತರಲು ಮುಂಚೆಯೇ ಹೇಳಿ. ಚರ್ಮ ಉಜ್ಜಿ, ಪೇಸ್ಟ್ ಹಾಕಿ, ಇಂಪಿಡೆನ್ಸನ್ನು (ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗಿಂತ ಕೆಳಗಿಳಿಸಿ. ಕೈಯ ಪರೀಕ್ಷೆಗೆ ಅಲೆ ಹಿಡಿಯುವ ಎಲೆಕ್ಟ್ರೋಡ್ ಕೂರಿಸುವ ಜಾಗಗಳು ಮೂರು: ಕೊರಳೆಲುಬಿನ ಮೇಲಿನ ಗುಳಿ, ಕತ್ತಿನ ಹಿಂಭಾಗ, ತಲೆಯ ವಿರುದ್ಧ ಬದಿ (ಬಲಗೈಯಾದರೆ ಎಡಬದಿ). ಮೊದಲೆರಡರಲ್ಲಿ ಅಲೆ ಚೆನ್ನಾಗಿದ್ದು ತಲೆಯಲ್ಲಿ ಮಾತ್ರ ಕುಂದಿದ್ದರೆ ತೊಡಕು ಕತ್ತಿಗಿಂತ ಮೇಲೆ, ಮೆದುಳಿನ ಕಡೆಗಿದೆ. ಈ ಮಕ್ಕಳಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವುದೂ ಅದನ್ನೇ.

ಮಣಿಕಟ್ಟಿನ ಮೀಡಿಯನ್ ನರಕ್ಕೆ 0.2 ಮಿಲಿಸೆಕೆಂಡಿನ ಮಿಡಿತ ಕೊಡುತ್ತ, ಹೆಬ್ಬೆರಳು ಸಣ್ಣಗೆ ಅದುರುವಷ್ಟಕ್ಕೇ ಏರಿಸಿ ನಿಲ್ಲಿಸಿ. ಬಿಗಿಮುಷ್ಟಿಯಲ್ಲಿ ಆ ಅದುರು ಕಾಣುವುದಿಲ್ಲ. ಬೆರಳುಗಳನ್ನು ಎಳೆದು ಬಿಡಿಸಬೇಡಿ; ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿದರೆ ಮುಷ್ಟಿ ಎಷ್ಟೋ ಸಡಿಲುತ್ತದೆ. “ಅಕ್ಕಾ, ನಾನು ಕುಣಿಸುತ್ತಿಲ್ಲ, ಅದೇ ಕುಣಿಯುತ್ತಿದೆ!” ಎಂದು ಒಬ್ಬ ಹುಡುಗ ಬಿದ್ದು ಬಿದ್ದು ನಕ್ಕಿದ್ದ. ನನಗೂ ನಗು ಬಂತು, ಆದರೆ ಪರದೆಯ ತುಂಬ ಬರೀ ಗೀಚು. ನಗುವಾಗಲಿ ಅಳುವಾಗಲಿ, ಯಂತ್ರಕ್ಕೆ ಎಲ್ಲವೂ ಸ್ನಾಯುವಿನ ಗದ್ದಲ.

ನಮಗೆ ಬೇಕಾದ ಅಲೆಯೋ ಕೆಲವೇ ಮೈಕ್ರೋವೋಲ್ಟ್‌ನದು. ಅದಕ್ಕೇ ಸೆಕೆಂಡಿಗೆ 3ರಿಂದ 5ರಂತೆ 500ರಿಂದ 1000 ಮಿಡಿತಗಳ ಸರಾಸರಿ ತೆಗೆಯುವುದು. ಇನ್ನೊಂದು ಸುತ್ತು ತೆಗೆದು ಒಂದರ ಮೇಲೊಂದಿಟ್ಟು ನೋಡಿ, ಹೊಂದದಿದ್ದರೆ ನಂಬಬೇಡಿ. ಮಂಡಿಯ ಕೆಳಗೆ ದಿಂಬು, ಮಂದ ಬೆಳಕು, ಪಕ್ಕದಲ್ಲಿ ತಾಯಿ ಇದ್ದರೆ ಅರ್ಧ ಕೆಲಸ ಆದಂತೆ. ನಿದ್ದೆ ಹತ್ತಿದರೆ ಗದ್ದಲ ಅಡಗುತ್ತದೆ, ಆದರೆ ಎಳೆಯ ಮಕ್ಕಳಲ್ಲಿ ನಿದ್ದೆ ತಲೆಯ ಅಲೆಯನ್ನೇ ಬದಲಿಸಬಹುದು. ಮಗು ಎಚ್ಚರವಿತ್ತೋ ಮಲಗಿತ್ತೋ, ಬರೆದಿಡಿ.

ಕಾಲಿಗೂ ಇದೇ ಕ್ರಮ, ಮಿಡಿತ ಮಾತ್ರ ಒಳಗಿಣ್ಣಿನ ಹಿಂದೆ. ದೊಡ್ಡವರಲ್ಲಿ ಕೈಯ ಅಲೆ ಸುಮಾರು 20 ಮಿಲಿಸೆಕೆಂಡಿಗೆ, ಕಾಲಿನದು 37ರ ಆಸುಪಾಸಿನಲ್ಲಿ ಮೂಡುತ್ತದೆ. ಆ ಅಂಕಿಗಳನ್ನು ಮಕ್ಕಳಿಗೆ ಹಚ್ಚಬೇಡಿ. ವಯಸ್ಸು, ಎತ್ತರ ಇಲ್ಲದ ವರದಿಯನ್ನು ನಾನು ಓದುವುದೇ ಇಲ್ಲ.

ತಂತಿಗಳನ್ನು ಬಿಚ್ಚಿದ ಮೇಲೆ ಮಗುವಿನ ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಒಂದು ಕೀಲಿ ಇಡುತ್ತೇನೆ. ಅಲೆ ನೆಟ್ಟಗಿದ್ದರೂ ಅದು ಏನೆಂದು ಹೇಳಲಾಗದ ಮಕ್ಕಳಿದ್ದಾರೆ. ಅದನ್ನೂ ವರದಿಯ ಕೊನೆಗೆ ಸೇರಿಸುತ್ತೇನೆ.